ಕೊಳೆ ಸರ್ಕ್ಯೂಟಿನದೋ, ಗಣಕದ್ದೋ?

ಪುನರ್ವಸು ಮಳೆ ಹಿಡಿದ ಒಂದು ಭಾನುವಾರ, ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಕರೆಂಟು ಇದ್ದಷ್ಟು ಹೊತ್ತು ಸೈನ್ ಅಲೆ ಹುಟ್ಟಿಸುವ ವೀನ್ ಬ್ರಿಡ್ಜ್ ಆಸಿಲೇಟರ್ ಒಂದನ್ನು ಎಲ್‌ಟಿಸ್ಪೈಸ್ ಎಂಬ ಸರ್ಕ್ಯೂಟ್ ಸಿಮ್ಯುಲೇಟರಿನಲ್ಲಿ ಓಡಿಸಿ ನೋಡಿದೆ. ತಾಳಮದ್ದಳೆ ಕೂಟವೊಂದಕ್ಕೆ ದುರಸ್ತಿ ಮಾಡಿದ ಆಂಪ್ಲಿಫೈಯರಿನ ಡಿಸ್ಟಾರ್ಷನ್, ಎಂದರೆ ಅದು ಅಲೆಯ ಆಕಾರವನ್ನು ಎಷ್ಟು ಕೆಡಿಸುತ್ತದೆ ಎಂಬುದನ್ನು, ಅಳೆಯಬೇಕಿತ್ತು. ಅದಕ್ಕೆ ಕೊಡುವ ಸೈನ್ ಅಲೆಯೇ ಆಂಪ್ಲಿಫೈಯರಿಗಿಂತ ಶುದ್ಧವಾಗಿರದಿದ್ದರೆ ಅಳತೆಗೆ ಅರ್ಥವಿಲ್ಲ. ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ನೆಚ್ಚಿಕೊಂಡ ನನ್ನಂಥವರು ಮೊದಲು ಗಣಕದಲ್ಲಿ ಕಟ್ಟಿ ನೋಡುವುದೇ ಲೇಸು.

16 ಕಿಲೋಓಮ್‌ನ ಎರಡು ರೆಸಿಸ್ಟರ್, 10 ನ್ಯಾನೊಫ್ಯಾರಡ್‌ನ ಎರಡು ಕೆಪಾಸಿಟರ್ ಸೇರಿದರೆ ಆವರ್ತನ ಸುಮಾರು 995 ಹರ್ಟ್ಸ್. ಆ ಆವರ್ತನದಲ್ಲಿ ಈ ರೆಸಿಸ್ಟರ್-ಕೆಪಾಸಿಟರುಗಳ ಜಾಲವು ಸಂಕೇತವನ್ನು ಮೂರನೇ ಒಂದಕ್ಕೆ ಇಳಿಸುವುದರಿಂದ, ಸಂಕೇತವನ್ನು ಹಿಗ್ಗಿಸುವ ಆಪ್-ಆಂಪ್ ಚಿಪ್ಪಿನ ಗೇನ್ (ಹಿಗ್ಗಿಸುವ ಪಟ್ಟು) ಸರಿಯಾಗಿ 3 ಇರಬೇಕು: ತುಸು ಕಡಿಮೆಯಾದರೂ ಅಲೆ ಸಾಯುತ್ತದೆ, ಹೆಚ್ಚಾದರೆ ಸಪ್ಲೈ ವೋಲ್ಟೇಜಿಗೆ ತಲೆ ತಾಗಿಸಿಕೊಂಡು ಚಪ್ಪಟೆಯಾಗುತ್ತದೆ. ನಿಜವಾದ ಸರ್ಕ್ಯೂಟು ತನ್ನ ನಾಯ್ಸಿನಿಂದಲೇ ಚಾಲೂ ಆಗುತ್ತದೆ. ಕ್ಷಣಕ್ಷಣದ ವೋಲ್ಟೇಜನ್ನು ಲೆಕ್ಕ ಹಾಕುವ ಟ್ರಾನ್ಸಿಯೆಂಟ್ ಸಿಮ್ಯುಲೇಷನ್ನಿನಲ್ಲಿ ಆ ನಾಯ್ಸ್ ಇಲ್ಲದ ಕಾರಣ ಒಂದು ಕೆಪಾಸಿಟರಿಗೆ ಆರಂಭದ ವೋಲ್ಟೇಜನ್ನು ನಾನೇ ಕೊಟ್ಟೆ.

ಮೊದಲು ಎರಡು ಡಯೋಡುಗಳಿಂದ ಅಲೆಯ ಎತ್ತರವನ್ನು ಹಿಡಿದು ನಿಲ್ಲಿಸಿದೆ. ಅಲೆಯಲ್ಲಿ ಯಾವ ಯಾವ ಆವರ್ತನಗಳಿವೆ ಎಂದು ತೋರಿಸುವ ಎಫ್‌ಎಫ್‌ಟಿಯಲ್ಲಿ ಮೂರನೇ ಹಾರ್ಮಾನಿಕ್ (ಮೂರು ಪಟ್ಟು ಆವರ್ತನದ ಅಲೆ) ಮೂಲ ಅಲೆಗಿಂತ ಸುಮಾರು 40 ಡೆಸಿಬೆಲ್ ಕೆಳಗೆ, ಎಂದರೆ ಶೇ. 1ರಷ್ಟು, ಕಂಡಿತು. ಅದರ ಜೊತೆಗೆ ಹಾರ್ಮಾನಿಕ್‌ಗಳ ನಡುವಿನ ಜಾಗದಲ್ಲೆಲ್ಲ ಹುಲ್ಲಿನಂತೆ ಏನೋ ಎದ್ದಿತ್ತು. ಎಲ್‌ಟಿಸ್ಪೈಸ್ ಫೈಲಿನ ಗಾತ್ರ ಉಳಿಸಲು ಅಲೆಯ ಬಿಂದುಗಳನ್ನು ಕಂಪ್ರೆಸ್ ಮಾಡುತ್ತದೆ. ಅದನ್ನು ನಿಲ್ಲಿಸಲು ಪ್ಲಾಟ್‌ವಿನ್‌ಸೈಜ್ ಎಂಬ ಸೆಟ್ಟಿಂಗನ್ನು ಸೊನ್ನೆ ಮಾಡಿ, ಲೆಕ್ಕದ ಒಂದೊಂದು ಹೆಜ್ಜೆಯಾದ ಟೈಮ್ ಸ್ಟೆಪ್ಪಿಗೆ 1 ಮೈಕ್ರೊಸೆಕೆಂಡಿನ ಮಿತಿ ಹಾಕಿದ ಮೇಲೆ ಹುಲ್ಲು ತಗ್ಗಿತು, ಮೂರನೇ ಹಾರ್ಮಾನಿಕ್ ಮಾತ್ರ ಜಗ್ಗಲಿಲ್ಲ. ಸೆಟ್ಟಿಂಗು ಬದಲಿಸಿದಾಗ ಕರಗಿದ್ದು ಗಣಕದ ಕೊಳೆ, ಉಳಿದದ್ದು ಡಯೋಡಿನದು. ಲೆಕ್ಕದ ವಿಧಾನವನ್ನು ಟ್ರೆಪೆಜಾಯ್ಡಲ್‌ನಲ್ಲೇ ಇಟ್ಟುಕೊಂಡೆ. ಇನ್ನೊಂದು ಆಯ್ಕೆಯಾದ ಗೇರ್ ವಿಧಾನಕ್ಕೆ ಅಲೆಯನ್ನು ತಾನೇ ಕುಗ್ಗಿಸುವ ಚಾಳಿಯಿದೆ.

ಮಧ್ಯಾಹ್ನ ಡಯೋಡುಗಳನ್ನು ಕಿತ್ತು ಬಲ್ಬು ಹಾಕಿದೆ. ವಿಲಿಯಂ ಹ್ಯೂಲೆಟ್ 1939ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬರೆದ ಪ್ರಬಂಧದ ಉಪಾಯ ಅದೇ: ಅಲೆ ದೊಡ್ಡದಾದರೆ ತಂತು ಕಾಯುತ್ತದೆ, ಅದರ ರೆಸಿಸ್ಟೆನ್ಸ್ ಏರುತ್ತದೆ, ಗೇನ್ ತಾನಾಗಿ 3ಕ್ಕೆ ಇಳಿಯುತ್ತದೆ. ಬಲ್ಬಿನ ಮಾಡೆಲ್ಲನ್ನು ನಾನೇ ಕಟ್ಟಿದೆ. ತಂತುವಿನ ಶಾಖವನ್ನು ಕೆಪಾಸಿಟರೊಂದರ ಚಾರ್ಜಿನಂತೆ ಬರೆದರೆ ಸಿಮ್ಯುಲೇಟರಿಗೆ ತಕರಾರಿಲ್ಲ. ಅಲೆಯ ಎತ್ತರ ಏರಿ, ಇಳಿದು, ಮತ್ತೆ ಏರಿ, ಕೊನೆಗೆ ಒಂದು ಮಟ್ಟದಲ್ಲಿ ನೆಲೆಗೊಳ್ಳುವುದನ್ನು ನೋಡುವುದೇ ಒಂದು ಸೊಗಸು. ನೆಲೆಗೊಂಡ ಮೇಲೆ ಮೂರನೇ ಹಾರ್ಮಾನಿಕ್ ಕಣ್ಣಿಗೆ ಬೀಳದಷ್ಟು ತಗ್ಗಿತ್ತು. ಆದರೆ ಕೆಪಾಸಿಟರುಗಳನ್ನು ಅರ್ಧ ಮೈಕ್ರೊಫ್ಯಾರಡ್ಡಿಗೆ ಏರಿಸಿ ಆವರ್ತನವನ್ನು 20 ಹರ್ಟ್ಸಿಗೆ ಇಳಿಸಿದಾಗ ಅದು ಮತ್ತೆ ತಲೆಯೆತ್ತಿತು. ಸ್ಟೆಪ್ಪನ್ನು ಅರ್ಧಕ್ಕೆ ಇಳಿಸಿದರೂ ಕದಲಲಿಲ್ಲ, ಆದ್ದರಿಂದ ಅದು ಬಲ್ಬಿನದೇ. ಅಷ್ಟು ನಿಧಾನದ ಅಲೆಯಲ್ಲಿ ತಂತು ಪ್ರತಿ ಸುತ್ತಿಗೆ ಎರಡು ಸಲ ಕಾದು ತಣಿಯುತ್ತದೆ. ಎರಡು ಪಟ್ಟು ಆವರ್ತನದಲ್ಲಿ ತೂಗುವ ಆ ರೆಸಿಸ್ಟೆನ್ಸಿನ ಮೇಲೆ ಮೂಲ ಅಲೆ ಹರಿದಾಗ ಮೂರು ಪಟ್ಟಿನದು ಹುಟ್ಟುತ್ತದೆ.

ಸಂಜೆಗೆ ಕರೆಂಟು ಹೋಯಿತು. ಬ್ಯಾಟರಿಯಲ್ಲಿ ಕೊನೆಯ ಓಟ ಮುಗಿಸಿದೆ. 995 ಹರ್ಟ್ಸಿನಲ್ಲಿ ಬಂದ ಅತ್ಯಲ್ಪ ಡಿಸ್ಟಾರ್ಷನ್ನಿನ ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಅಲೆ ಸೊನ್ನೆಯನ್ನು ದಾಟುವಾಗ ಆಪ್-ಆಂಪಿನ ಔಟ್‌ಪುಟ್ ಹಂತದಲ್ಲಿ ಹುಟ್ಟುವ ಕ್ರಾಸ್‌ಓವರ್ ಡಿಸ್ಟಾರ್ಷನ್ ಬಹಳಷ್ಟು ಮಾಡೆಲ್‌ಗಳಲ್ಲಿ ಇರುವುದೇ ಇಲ್ಲ, ಸಿಮ್ಯುಲೇಟರಿನ ಕೆಪಾಸಿಟರಿಗೆ ವೋಲ್ಟೇಜಿನೊಂದಿಗೆ ಬೆಲೆ ಬದಲಿಸುವ ದುರ್ಗುಣವೂ ಇಲ್ಲ. ಹಾಗಾಗಿ ಖರೀದಿ ಪಟ್ಟಿಯಲ್ಲಿ ಅಗ್ಗದ ಸೆರಾಮಿಕ್ ಬಿಟ್ಟು ಪಾಲಿಪ್ರೊಪಿಲೀನ್ ಕೆಪಾಸಿಟರುಗಳನ್ನೇ ಬರೆದೆ. ಸಣ್ಣ ಬಲ್ಬು ಶಿವಮೊಗ್ಗದಲ್ಲೇ ಸಿಕ್ಕೀತು.