ಕಾಣೆಯಾದ ಆಯಿ ಮತ್ತು ಝೀರೋ ಟಿಕೆಟ್

ಪತ್ತೇದಾರಿ ಕತೆಯ ಪೇದೆ ಭೂತಗನ್ನಡಿ ಹಿಡಿದು ಅಲೆಯುತ್ತಾನೆ. ಜೇವರ್ಗಿ ಕಡೆಯ ಹಳ್ಳಿಯಲ್ಲಿ ಕತೆ ಕಟ್ಟುವವರು ಮೊದಲು ಅದನ್ನು ಕಸಿದುಕೊಂಡು ಬಸ್ಸಿನ ಟೈಮು ಬರೆದ ಚೀಟಿ ಕೊಡಬೇಕು.

"24 ತಾಸು ಕಾಯ್ರಿ" ಅಂತ ಠಾಣೆಯವರ ಬಾಯಲ್ಲಿ ಹೇಳಿಸಬೇಡಿ, ಅಂಥ ಕಾನೂನಿಲ್ಲ. ಕಾಣೆಯಾದದ್ದು ಮಗುವಾದರಂತೂ 2013ರ ಸುಪ್ರೀಂ ಕೋರ್ಟ್ ಆದೇಶದಂತೆ ಅಪಹರಣವೆಂದೇ ಹಿಡಿದು ಎಫ್‌ಐಆರ್ ಬರೆಯಬೇಕು. ಕಾಗದದ ಮೇಲೆ ತನಿಖೆ ಮೇಲಿನವರದು, ಬಿಸಿಲಲ್ಲಿ ತಿರುಗುವವನು ಬೀಟ್ ಪೇದೆ. ಕತೆಯ ಅರ್ಧ ತಮಾಷೆ ಅಲ್ಲೇ ಇದೆ.

ಕಾಣೆಯಾದವಳು ಎಪ್ಪತ್ತರ ಆಯಿ ಅನ್ನಿ. ಚಹರೆ ಪಟ್ಟಿಗೆ ಮನೆಯವರು ಕೊಡುವುದು ಹತ್ತು ವರ್ಷದ ಹಿಂದಿನ ಮದುವೆ ಫೋಟೊ. ಮೊಮ್ಮಗನ ಮೊಬೈಲಿನಲ್ಲಿ ಹೋದ ತಿಂಗಳಿನದು ಇದ್ದೇ ಇರುತ್ತದೆ, ಅದನ್ನು ಕೇಳಬೇಕು. ಎತ್ತರ, ಕೋಲು ಮುಖ, ಗೋಧಿ ಮೈಬಣ್ಣ, ಇಳಕಲ್ ಸೀರೆ ಎಂದರೆ ಜಿಲ್ಲೆಯ ಅರ್ಧ ಮುದುಕಿಯರು ಸಿಗುತ್ತಾರೆ. ಮುಂಗೈ ಹಚ್ಚೆಯಲ್ಲಿರುವ ಹೆಸರು ಬರೆದರೆ ಒಬ್ಬಳೇ ಸಿಗುತ್ತಾಳೆ.

ಮನೆಯಲ್ಲಿ ಏನಿಲ್ಲ ಎಂಬುದನ್ನು ನೋಡುವುದು ಮುಖ್ಯ. ಚಪ್ಪಲಿ ಮನೆಯಲ್ಲೇ ಇದ್ದರೆ ಬಾವಿ, ಹಳ್ಳ, ತೊಗರಿ ಹೊಲ ಮೊದಲು. ಆದರೆ ಮಳೆಗಾಲದಲ್ಲಿ ಇದು ದಾರಿ ತಪ್ಪಿಸುತ್ತದೆ: ಎರೆಮಣ್ಣು ಕಿಲೋಗಟ್ಟಲೆ ಅಂಟುತ್ತದೆಂದು ಜನ ಬರಿಗಾಲಲ್ಲೇ ಹೊರಡುತ್ತಾರೆ. ಎಲೆ-ಅಡಿಕೆ ಸಂಚಿ, ಬಿಪಿ ಗುಳಿಗೆ, ಆಧಾರ್ ಮೂರೂ ಇಲ್ಲವೆಂದರೆ ಆಯಿ ಬಸ್ ಹತ್ತಿದ್ದಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ದುಡ್ಡಿಲ್ಲದೆ ಎಲ್ಲಿಗೆ ಹೋದಾಳು ಎಂಬ ಪ್ರಶ್ನೆಯೇ ಸತ್ತುಹೋಗಿದೆ. ಝೀರೋ ಟಿಕೆಟ್‌ನಲ್ಲಿ ಹತ್ತಿದ್ದು, ಇಳಿಯುವುದು, ಹೊತ್ತು ಇರುತ್ತವೆ, ಹೆಸರಿಲ್ಲ. ಹಾಗಾಗಿ ಕಂಡಕ್ಟರನನ್ನು ಅದೇ ದಿನ ಹಿಡಿಯಬೇಕು, ನಾಳೆ ಅವನ ಡ್ಯೂಟಿ ಬೇರೆ ರೂಟಿಗೆ. "ಆಯಿ ಗಾಣಗಾಪುರ ಅಂದಳ್ರಿ, ಸಂಚಿ ಬಿಚ್ಚಿ ಆಧಾರ್ ತೆಗಿಯೂದ್ರಾಗ ಎರಡು ಸ್ಟಾಪ್ ದಾಟಿದ್ವು" ಎಂಬಂಥ ಮಾತು ಯಾವ ಕ್ಯಾಮೆರಾದಲ್ಲೂ ಸಿಗದು.

ಫೋನಿನ ಕರೆ ವಿವರ ಬೇಕೆಂದರೆ ಎಸ್‌ಪಿ ಕಚೇರಿ ಮೂಲಕ ಹೋಗಬೇಕು. ಆಯಿಯ ಬಟನ್ ಫೋನು ಗೂಡಿನಲ್ಲಿ ಚಾರ್ಜಿಗೆ ನೇತಾಡುತ್ತಿದ್ದರೆ ಅದೂ ಇಲ್ಲ.

ದತ್ತ ಕ್ಷೇತ್ರವಾದ ಗಾಣಗಾಪುರದಲ್ಲಿ ಭೀಮಾ-ಅಮರ್ಜಾ ಸಂಗಮದ ಹತ್ತಿರ ಬೆಳಿಗ್ಗೆ ಹುಡುಕುವವರು ಗದ್ದಲದಲ್ಲಿ ಕಳೆದುಹೋಗುತ್ತಾರೆ. ಮಧ್ಯಾಹ್ನ ಮಧುಕರಿಗೆ, ಅಂದರೆ ಭಿಕ್ಷೆಗೆ, ಭಕ್ತರು ಐದು ಮನೆ ತಿರುಗುವ ಹೊತ್ತೇ ಸರಿ. ತಾಟು ಹಿಡಿದವರು ಆಗ ಒಂದೇ ಓಣಿಯಲ್ಲಿ ಎದುರಾಗುತ್ತಾರೆ. ಪೇದೆ ಯೂನಿಫಾರಂ ಬಿಟ್ಟು ಹೋದರೆ ಒಳ್ಳೆಯದು, ಖಾಕಿ ಕಂಡರೆ ಆಯಿ ಸೆರಗು ಮುಂದೆಳೆದುಕೊಳ್ಳುತ್ತಾಳೆ.

ಸಿಕ್ಕಮೇಲೆ ಹೇಳಿಕೆಗೆಂದು ಠಾಣೆಗೆ ಎಳೆದು ತರುವಂತಿಲ್ಲ. ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಬಿಎನ್‌ಎಸ್‌ಎಸ್ ಕಾನೂನಿನ 179ನೇ ಕಲಮಿನ ಪ್ರಕಾರ ಹೆಂಗಸರನ್ನು ಅವರು ವಾಸವಿರುವ ಜಾಗ ಬಿಟ್ಟು ಬೇರೆಡೆಗೆ ಬಾ ಎಂದು ಒತ್ತಾಯಿಸುವಂತಿಲ್ಲ. "ಸ್ವಂತ ಇಚ್ಛೆಯಿಂದ ಬಂದಿದ್ದೇನೆ" ಎಂದಳೆಂದರೆ ಕಾಣೆ ಪ್ರಕರಣ ಮುಗಿಯಿತು. ಮನೆಗೆ ಕರೆದೊಯ್ಯುವುದು ಮಗನ ಕೆಲಸ, ಆಕೆ ಬರುತ್ತೇನೆಂದರೆ.