ವಾಗ್ದಾನದ ಚೀಟಿಯ ಹಿಂಬದಿ

ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿದು, ಹೊಸ ವರ್ಷದ ಗಂಟೆ ಬಾರಿಸಿದ ಮೇಲೆ, ನಮ್ಮ ಸಭೆಯಲ್ಲಿ ಒಂದು ತಟ್ಟೆ ಸಾಲಿನಿಂದ ಸಾಲಿಗೆ ಸಾಗುತ್ತದೆ. ಅದರ ತುಂಬ ಮಗುಚಿ ಹಾಕಿದ ಸಣ್ಣ ಚೀಟಿಗಳು. ಒಂದೊಂದರ ಮೇಲೂ ಸತ್ಯವೇದದ, ಎಂದರೆ ಬೈಬಲಿನ, ಒಂದೊಂದು ವಚನ ಅಚ್ಚಾಗಿರುತ್ತದೆ. ಯಾರ ಕೈಗೆ ಯಾವುದು ಬಂತೋ ಅದು ಅವರ ಪಾಲಿಗೆ ಆ ವರ್ಷದ ವಾಗ್ದಾನ. ನನ್ನ ತಾಯಿ ಇಂಥ ಚೀಟಿಗಳನ್ನು ವರ್ಷಗಳಿಂದ ತಮ್ಮ ಸತ್ಯವೇದದ ಪುಟಗಳ ನಡುವೆ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಈ ಸಲ ನನಗೆ ಬಂದದ್ದು ಯೆರೆಮೀಯ 29:11. ದೇವರು ನಿಮ್ಮ ವಿಷಯದಲ್ಲಿ ಮಾಡಿಕೊಂಡಿರುವ ಆಲೋಚನೆಗಳು ಅಹಿತದವಲ್ಲ, ಹಿತದವು. ನಿಮಗೆ ಮುಂದೊಂದು ಗತಿಯೂ ನಿರೀಕ್ಷೆಯೂ ಇರಲಿ ಎಂಬುದೇ ಆತನ ಉದ್ದೇಶ ಎಂಬ ಅರ್ಥದ ಆ ಮಾತನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಮದುವೆಯ ಆಹ್ವಾನಪತ್ರಿಕೆಯಲ್ಲಿ, ಪರೀಕ್ಷೆಗೆ ಹೊರಟ ಮಕ್ಕಳಿಗೆ ಕಳುಹಿಸುವ ವಾಟ್ಸಾಪ್ ಸಂದೇಶದಲ್ಲಿ ನೋಡದ ಕ್ರೈಸ್ತರು ಬಹುಶಃ ಇರಲಾರರು.

ಸಭಾಪಾಲಕರು ಊರಿನಲ್ಲಿಲ್ಲದ ಭಾನುವಾರಗಳಲ್ಲಿ ಪ್ರಸಂಗ ಮಾಡುವ ಸಾಮಾನ್ಯ ಸದಸ್ಯ ನಾನು. ಜನವರಿಯಲ್ಲಿ ಅಂಥದೊಂದು ಸರದಿ ಬಂದಾಗ, ಹೇಗೂ ನನ್ನದೇ ಚೀಟಿಯ ವಚನ ಇದೆಯಲ್ಲ ಎಂದುಕೊಂಡು, ಅದರ ಹಿಂದುಮುಂದಿನ ಭಾಗವನ್ನು ಓದಲು ಕುಳಿತೆ. ಯೆರೆಮೀಯನ ಇಪ್ಪತ್ತೊಂಬತ್ತನೆಯ ಅಧ್ಯಾಯ ಒಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನ ಅರಸನನ್ನೂ ರಾಜಮಾತೆಯನ್ನೂ ಶಿಲ್ಪಿಗಳನ್ನೂ ಕಮ್ಮಾರರನ್ನೂ ಸೆರೆಯೊಯ್ದ ಮೇಲೆ, ಹಾಗೆ ಸೆರೆಯಾಗಿ ಹೋದವರಿಗೆ ಪ್ರವಾದಿಯು ಯೆರೂಸಲೇಮಿನಿಂದ ಬರೆದು ಕಳುಹಿಸಿದ ಕಾಗದ ಅದು. ಬೇಗ ಹಿಂದಿರುಗುತ್ತೇವೆ ಎಂದು ಗಂಟುಮೂಟೆ ಬಿಚ್ಚದೆ ಕುಳಿತಿದ್ದವರಿಗೆ ಅವನು ಹೇಳುವುದೇನೆಂದರೆ: ಮನೆ ಕಟ್ಟಿಕೊಂಡು ವಾಸಿಸಿರಿ, ತೋಟ ಮಾಡಿಕೊಂಡು ಅದರ ಫಲ ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿರಿ, ನಿಮ್ಮನ್ನು ಸೆರೆಹಿಡಿದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ. ಹತ್ತನೆಯ ವಚನದಲ್ಲಿ ಅವಧಿಯೂ ಬರುತ್ತದೆ: ಎಪ್ಪತ್ತು ವರ್ಷ. ನನ್ನ ಚೀಟಿಯ ಹನ್ನೊಂದನೆಯ ವಚನ ಅದರ ಮರುಸಾಲು. ನಲವತ್ತನೆಯ ವಯಸ್ಸಿನಲ್ಲಿ ಆ ಪತ್ರವನ್ನು ಕೇಳಿಸಿಕೊಂಡ ಒಬ್ಬ ಕಮ್ಮಾರನಿಗೆ ಅದರ ಅರ್ಥ ಸ್ಪಷ್ಟವಾಗಿತ್ತು: ದೇವರ ಹಿತದ ಆಲೋಚನೆ ನಿಜ, ಆದರೆ ಅದನ್ನು ನೋಡುವುದು ನಾನಲ್ಲ, ನನ್ನ ಮೊಮ್ಮಕ್ಕಳು.

ಇದಕ್ಕಿಂತಲೂ ನನ್ನನ್ನು ಕಾಡಿದ್ದು ಹಿಂದಿನ ಅಧ್ಯಾಯ. ಅಲ್ಲಿ ಹನನ್ಯನೆಂಬ ಇನ್ನೊಬ್ಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು, ಎರಡೇ ವರ್ಷಗಳಲ್ಲಿ ಸೆರೆಯವರೂ ದೇವಾಲಯದ ಪಾತ್ರೆಗಳೂ ಹಿಂದಿರುಗುತ್ತವೆಂದು ಯೆಹೋವನ ಹೆಸರಿನಲ್ಲಿಯೇ ಸಾರುತ್ತಾನೆ. ಯೆರೆಮೀಯನು ಮೊದಲು ಕೊಡುವ ಉತ್ತರ 'ಆಮೆನ್' ಎಂಬುದು. ಹಾಗೆಯೇ ಆಗಲಿ ಎಂದು ಅವನೂ ಹಾರೈಸುತ್ತಾನೆ. ಬಾಬೆಲಿನ ಅರಸನಿಗೆ ಅಧೀನರಾಗಿರಬೇಕೆಂಬುದರ ಗುರುತಾಗಿ ಯೆರೆಮೀಯನು ಹೆಗಲಿನ ಮೇಲೆ ಹೊತ್ತಿದ್ದ ಮರದ ನೊಗವನ್ನು ಹನನ್ಯನು ಕಿತ್ತು ಮುರಿದ ಮೇಲೆ ದೇವರ ಮಾತು ಬರುತ್ತದೆ: ಮರದ ನೊಗವನ್ನು ಮುರಿದೆ, ಅದರ ಬದಲಿಗೆ ಕಬ್ಬಿಣದ ನೊಗ ಬರುತ್ತದೆ. ಐದನೆಯ ತಿಂಗಳಲ್ಲಿ ಎರಡು ವರ್ಷದ ಮಾತನಾಡಿದ ಹನನ್ಯನು ಅದೇ ವರ್ಷದ ಏಳನೆಯ ತಿಂಗಳಲ್ಲಿ ಸತ್ತನು. ಇವೆರಡು ಅಧ್ಯಾಯಗಳನ್ನು ಒಟ್ಟಿಗೆ ಓದಿದಾಗ ನನಗೆ ಹೊಳೆದ ಸಂಗತಿ ಹಿತಕರವಾಗಿರಲಿಲ್ಲ. ಈ ವರ್ಷ ಕೆಲಸ ಸಿಗುತ್ತದೆ, ಸಾಲ ತೀರುತ್ತದೆ, ಕಾಯಿಲೆ ವಾಸಿಯಾಗುತ್ತದೆ ಎಂದು ಚೀಟಿಯನ್ನು ಎದೆಗೊತ್ತಿಕೊಳ್ಳುವಾಗ ನಾವು ಓದುತ್ತಿರುವ ಪದಗಳು ಯೆರೆಮೀಯನವು, ಕೇಳಿಸಿಕೊಳ್ಳುತ್ತಿರುವ ಅರ್ಥ ಮಾತ್ರ ಹನನ್ಯನದು.

ದೇವಶಾಸ್ತ್ರದ ಕಾಲೇಜುಗಳಲ್ಲಿ ಇದಕ್ಕೆ ಎರಡು ಗ್ರೀಕ್ ಮೂಲದ ಹೆಸರುಗಳಿವೆ. ಪಠ್ಯದೊಳಗಿನ ಅರ್ಥವನ್ನು ಹೊರತರುವುದು ಎಕ್ಸಿಜೆಸಿಸ್. ನಮ್ಮ ಅರ್ಥವನ್ನು ಪಠ್ಯದೊಳಕ್ಕೆ ತುರುಕುವುದು ಐಸಿಜೆಸಿಸ್. ಹೆಸರು ಗೊತ್ತಿದ್ದ ಮಾತ್ರಕ್ಕೆ ಕಾಯಿಲೆ ಬರದೆ ಇರುವುದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಅದನ್ನು ಮುಂದೆ ಹೇಳುತ್ತೇನೆ.

ಕನ್ನಡ ಓದುಗರಾದ ನಮಗೆ ಇಲ್ಲಿ ಒಂದು ತೊಡಕೂ ಒಂದು ಅನುಕೂಲವೂ ಇವೆ, ಮತ್ತು ಎರಡೂ 'ವಚನ' ಎಂಬ ಒಂದೇ ಪದದಲ್ಲಿ ಅಡಗಿವೆ. ತೊಡಕು ಇದು: ವಚನವೆಂದರೆ ನಮ್ಮ ಕಿವಿಗೆ ಶರಣರ ವಚನ. ಬಸವಣ್ಣನವರ ಒಂದು ವಚನವು ತನ್ನಷ್ಟಕ್ಕೆ ತಾನೇ ಪೂರ್ಣ. ಕೊನೆಯಲ್ಲಿ 'ಕೂಡಲಸಂಗಮದೇವ' ಎಂಬ ಅಂಕಿತ ಬಿದ್ದ ಮೇಲೆ ಅದನ್ನು ಎತ್ತಿ ಎಲ್ಲಿ ಇಟ್ಟರೂ ನಿಲ್ಲುತ್ತದೆ. ಸತ್ಯವೇದದ ವಚನಕ್ಕೆ ಅಂಥ ಅಂಕಿತವಿಲ್ಲ. ಅದು ಪತ್ರದ, ಕಥೆಯ, ವಾದದ ನಡುವಿನ ಒಂದು ತುಂಡು. ಹೊಸ ಒಡಂಬಡಿಕೆಯಲ್ಲಿ ನಾವು ಇಂದು ಬಳಸುವ ವಚನಸಂಖ್ಯೆಗಳನ್ನು ಹಾಕಿದವನು ರೊಬೇರ್ ಎಸ್ತಿಯೆನ್ ಎಂಬ ಫ್ರೆಂಚ್ ಮುದ್ರಕ, ಅದೂ 1551ರಲ್ಲಿ. ಸಂಖ್ಯೆ ಬಂದದ್ದರಿಂದ ಹುಡುಕುವುದು ಸುಲಭವಾಯಿತು, ಕತ್ತರಿಸುವುದೂ ಸುಲಭವಾಯಿತು. ಇದಲ್ಲದೆ 'ವಚನ ಕೊಡು' ಎಂದರೆ ಮಾತು ಕೊಡು ಎಂದೂ ಅರ್ಥವಿರುವುದರಿಂದ, ಸತ್ಯವೇದದ ಪ್ರತಿಯೊಂದು ವಚನವೂ ತನಗೇ ಕೊಟ್ಟ ವಾಗ್ದಾನವೆಂಬ ಭಾವನೆ ಕನ್ನಡಿಗನಿಗೆ ತುಸು ಬೇಗನೆ ಹುಟ್ಟುತ್ತದೆಯೋ ಏನೋ.

ಅನುಕೂಲವಿರುವುದು ವ್ಯಾಕರಣದ ವಚನದಲ್ಲಿ. ಇಂಗ್ಲಿಷ್ ಸತ್ಯವೇದವನ್ನು ಓದುವವನಿಗೆ ಒಬ್ಬನನ್ನು ಕರೆದರೂ ಹತ್ತು ಜನರನ್ನು ಕರೆದರೂ ಈಗ ಒಂದೇ ಸರ್ವನಾಮ. ನಮ್ಮ ಹಳೆಯ ಕನ್ನಡ ಅನುವಾದದಲ್ಲಿ ಹಾಗಿಲ್ಲ. 1831ರಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಇಡೀ ಸತ್ಯವೇದವನ್ನು ಕನ್ನಡದಲ್ಲಿ ಹೊರತಂದ ಕಾಲದಿಂದ ಅನೇಕ ಪರಿಷ್ಕರಣೆಗಳನ್ನು ಕಂಡು ನಮ್ಮ ಕೈಸೇರಿರುವ ಆ ಅನುವಾದದಲ್ಲಿ, ಎದುರಿಗಿರುವವರು ಒಬ್ಬರೇ ಆದರೆ, ಅರಸನೇ ಇರಲಿ ದೇವರೇ ಇರಲಿ, 'ನೀನು' ಎಂದೇ ಇದೆ. 'ನೀವು' ಎಂದಿದ್ದರೆ ಅದು ಗೌರವವಲ್ಲ, ಬಹುವಚನ. (ಇತ್ತೀಚಿನ ಕೆಲವು ಅನುವಾದಗಳಲ್ಲಿ ಗೌರವದ 'ನೀವು' ಬಂದು ಈ ಸೂಕ್ಷ್ಮ ಮಸುಕಾಗಿದೆ ಎಂಬುದು ನನ್ನ ಸಣ್ಣ ಅಸಮಾಧಾನ.) ಲೂಕ 22:31-32ರಲ್ಲಿ ಯೇಸು ತನ್ನ ಶಿಷ್ಯ ಸೀಮೋನ ಪೇತ್ರನನ್ನು ಕರೆದು, ಸೈತಾನನು 'ನಿಮ್ಮನ್ನು' ಗೋಧಿಯಂತೆ ಜರಡಿ ಹಿಡಿಯಲು ಕೇಳಿಕೊಂಡಿದ್ದಾನೆ, ಆದರೆ 'ನಿನಗೋಸ್ಕರ' ನಾನು ಬೇಡಿಕೊಂಡಿದ್ದೇನೆ ಎನ್ನುತ್ತಾನೆ. ಅಪಾಯ ಹನ್ನೆರಡೂ ಜನ ಶಿಷ್ಯರಿಗೆ. ಪ್ರಾರ್ಥನೆ, ಉಳಿದವರನ್ನು ಬಲಪಡಿಸಬೇಕಾದ ಒಬ್ಬನಿಗೋಸ್ಕರ. ಕನ್ನಡದಲ್ಲಿ ಇದು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಅದೇ ರೀತಿ, 'ನೀವು ದೇವರ ಆಲಯವಾಗಿದ್ದೀರಿ' ಎಂಬ 1 ಕೊರಿಂಥ 3:16 ಒಬ್ಬೊಬ್ಬರ ದೇಹವೇ ದೇವಾಲಯವೆಂದು ಹೇಳಿ ಬೀಡಿ ಸಿಗರೇಟು ಬಿಡಿಸಲು ಬರೆದ ಮಾತಲ್ಲ, ಬಣಗಳಾಗಿ ಒಡೆಯುತ್ತಿದ್ದ ಒಂದು ಇಡೀ ಸಭೆಗೆ ಹೇಳಿದ್ದು. ಯೆರೆಮೀಯನ 'ನಿಮ್ಮ' ಎಂಬುದೂ ಹೀಬ್ರೂ ಮೂಲದಲ್ಲಿ ಬಹುವಚನವೇ. ಆ ವಾಗ್ದಾನ ಒಂದು ಜನಾಂಗದ್ದು. ಒಂದೊಂದು ಚೀಟಿಗೆ ಒಬ್ಬೊಬ್ಬರೆಂದು ಹಂಚಿದಾಗ ಅದು ಏಕವಚನವಾಗಿಬಿಡುತ್ತದೆ.

ಇನ್ನು ನನ್ನ ಸ್ವಂತದ ತಪ್ಪು. ಕೆಲವು ವರ್ಷಗಳ ಹಿಂದೆ ಪರಿಚಯಸ್ಥರೊಬ್ಬರ ಹೊಸ ಮನೆಯ ಪ್ರಾರ್ಥನಾಕೂಟದಲ್ಲಿ ನಾನು 3 ಯೋಹಾನ 2ನೆಯ ವಚನವನ್ನು ತೆಗೆದುಕೊಂಡು ಮಾತನಾಡಿದೆ. ಪ್ರಿಯನೇ, ನಿನ್ನ ಆತ್ಮವು ಅಭಿವೃದ್ಧಿ ಹೊಂದಿರುವಂತೆಯೇ ನೀನು ಎಲ್ಲಾ ವಿಷಯಗಳಲ್ಲಿ ಅಭಿವೃದ್ಧಿ ಹೊಂದಿ ಕ್ಷೇಮವಾಗಿರಬೇಕೆಂದು ಪ್ರಾರ್ಥಿಸುತ್ತೇನೆ ಎಂಬ ಅರ್ಥದ ಆ ಮಾತಿನಿಂದ, ನಂಬಿಕೆಯುಳ್ಳವನ ಮನೆಯಲ್ಲಿ ಸಂಪತ್ತೂ ಆರೋಗ್ಯವೂ ಇರಲೇಬೇಕು ಎಂಬ ತೀರ್ಮಾನವನ್ನು ಎಳೆದು ತಂದೆ. ಅಮೆರಿಕದ ಪ್ರಚಾರಕ ಓರಲ್ ರಾಬರ್ಟ್ಸ್ ತಮ್ಮ ಸೇವೆಗೆ ತಿರುವು ಕೊಟ್ಟದ್ದು ಇದೇ ವಚನವೆಂದು ಹೇಳಿಕೊಂಡಿದ್ದರೆಂಬುದು ನನಗೆ ಆಗ ತಿಳಿದಿರಲಿಲ್ಲ. ನಾನು ಸ್ವಂತ ಬುದ್ಧಿಯಿಂದಲೇ ಅಲ್ಲಿಗೆ ತಲುಪಿದ್ದೆ. ಮನೆಯವರು ಸಂತೋಷಪಟ್ಟರು. ಊಟಕ್ಕೆ ಕುಳಿತಾಗ ಪಕ್ಕದಲ್ಲಿದ್ದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಎಲೆಯ ಮೇಲಿನ ಗಮನವನ್ನು ಬಿಡದೆ ಕೇಳಿದರು: "ಅಲ್ಲಪ್ಪಾ, ಅದು ಉಭಯ ಕುಶಲೋಪರಿ ಅಲ್ಲವೇನು?"

ನಮ್ಮ ಹಿರಿಯರ ಪತ್ರಗಳೆಲ್ಲ 'ಉಭಯ ಕುಶಲೋಪರಿ ಸಾಂಪ್ರತ' ಎಂದೇ ಆರಂಭವಾಗುತ್ತಿದ್ದವು. ಅದನ್ನು ಓದಿ, ಎರಡೂ ಮನೆಗಳಲ್ಲಿ ಎಂದಿಗೂ ಯಾರಿಗೂ ಜ್ವರ ಬರುವುದಿಲ್ಲವೆಂದು ಯಾರೂ ತೀರ್ಮಾನಿಸುತ್ತಿರಲಿಲ್ಲ. ಗ್ರೀಕ್ ಪತ್ರಗಳಿಗೂ ಅಂಥ ಒಕ್ಕಣೆ ಇತ್ತು. ಈಜಿಪ್ಟಿನ ಮರಳಿನಲ್ಲಿ ಸಿಕ್ಕಿದ ಪಪೈರಸ್ ಪತ್ರವೊಂದರಲ್ಲಿ, ರೋಮಿನ ನೌಕಾಪಡೆಗೆ ಹೊಸದಾಗಿ ಸೇರಿದ ಅಪಿಯೋನ್ ಎಂಬ ಹುಡುಗ, ಎರಡನೆಯ ಶತಮಾನದಲ್ಲಿ, ಇಟಲಿಯಿಂದ ತನ್ನ ತಂದೆ ಎಪಿಮಾಕೋಸನಿಗೆ ಬರೆಯುತ್ತ, ಎಲ್ಲಕ್ಕಿಂತ ಮೊದಲು ನೀನೂ ಅಕ್ಕತಂಗಿ ಅಣ್ಣತಮ್ಮಂದಿರೂ ಕ್ಷೇಮವಾಗಿರಬೇಕೆಂದು ಬೇಡಿಕೊಳ್ಳುತ್ತೇನೆ ಎಂಬ ಧಾಟಿಯಲ್ಲಿಯೇ ಶುರುಮಾಡುತ್ತಾನೆ. ಯೋಹಾನನ ಪತ್ರವೂ ಗಾಯನೆಂಬ ಒಬ್ಬ ಗೆಳೆಯನಿಗೆ ಬರೆದದ್ದು, ಅಲ್ಲಿರುವುದು ಹಿರಿಯನೊಬ್ಬನ ಮನಃಪೂರ್ವಕವಾದ ಹಾರೈಕೆ. ನಾವು 'ಅಭಿವೃದ್ಧಿ' ಎಂದು ಓದುವ ಕಡೆ ಮೂಲದಲ್ಲಿರುವ ಕ್ರಿಯಾಪದದ ಬೇರಿನಲ್ಲಿ ಇರುವುದು 'ಒಳ್ಳೆಯ ದಾರಿ'. ಅಂದರೆ ನಿನ್ನ ಹಾದಿ ಸುಗಮವಾಗಿರಲಿ ಎಂಬಂತೆ. ಊರೂರು ಸುತ್ತುವ ಸುವಾರ್ತಿಕರಿಗೆ ಮನೆಯಲ್ಲಿ ಇಳಿದುಕೊಳ್ಳಲು ಸ್ಥಳ ಕೊಟ್ಟು, ಮುಂದಿನ ದಾರಿಗೆ ಸಾಗಕಳುಹಿಸು ಎಂದು ಕೇಳಿಕೊಳ್ಳುವ ಪತ್ರಕ್ಕೆ ಆ ಪದ ಎಷ್ಟು ಚೆನ್ನಾಗಿ ಹೊಂದುತ್ತದೆ! ಹೊಸ ಮನೆ ಕಟ್ಟಿದವರಿಗೆ ಆ ಪತ್ರದಿಂದ ಹೇಳಬೇಕಾಗಿದ್ದ ಮಾತು ಅತಿಥಿಸತ್ಕಾರದ್ದು. ಅದನ್ನು ಬಿಟ್ಟು ನಾನು ಒಕ್ಕಣೆಯನ್ನೇ ಸಿದ್ಧಾಂತ ಮಾಡಿದ್ದೆ.

ಉದ್ದೇಶ ಒಳ್ಳೆಯದಾಗಿದ್ದರೆ, ಬೋಧನೆ ಸರಿಯಾಗಿದ್ದರೆ ವಚನ ಯಾವುದಾದರೇನು ಎಂದು ಕೇಳುವವರಿದ್ದಾರೆ. ಕಳ್ಳರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದಿದ್ದವನನ್ನು ಪರಜನಾಂಗದವನೊಬ್ಬ ಛತ್ರಕ್ಕೆ ಒಯ್ದು ಉಪಚರಿಸಿದ ಕಥೆಯಾದ ಒಳ್ಳೆಯ ಸಮಾರ್ಯದವನ ಸಾಮ್ಯವನ್ನು, ಆದಿಕಾಲದ ಸಭೆಯ ದೇವಶಾಸ್ತ್ರಜ್ಞ ಸಂತ ಅಗಸ್ಟೀನ್ ಹೇಗೆ ವಿವರಿಸಿದರೆಂಬುದನ್ನು ನೋಡಬಹುದು. ದಾರಿಯಲ್ಲಿ ಪೆಟ್ಟು ತಿಂದವನು ಆದಾಮ, ಯೆರೂಸಲೇಮು ಪರಲೋಕದ ಪಟ್ಟಣ, ಸಮಾರ್ಯದವನು ಕ್ರಿಸ್ತ, ಛತ್ರವು ಸಭೆ, ಛತ್ರದವನು ಅಪೊಸ್ತಲ ಪೌಲ. ಇದರಲ್ಲಿ ಸಭೆಯ ನಂಬಿಕೆಗೆ ವಿರುದ್ಧವಾದದ್ದು ಏನೂ ಇಲ್ಲ. ಹನ್ನೊಂದು ಶತಮಾನಗಳ ಮೇಲೆ ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಇಂಥ ಅರ್ಥವನ್ನು ತಳ್ಳಿಹಾಕುವವರೆಗೂ, ಅನಂತರವೂ, ಅದಕ್ಕೆ ಮನಸೋತವರು ಬಹಳ. ಆದರೆ ಲೂಕನಲ್ಲಿ ಯೇಸು ಆ ಕಥೆ ಹೇಳಿದ್ದು 'ನನ್ನ ನೆರೆಯವನು ಯಾರು' ಎಂದು ಕೇಳಿದ ಧರ್ಮೋಪದೇಶಕನಿಗೆ, ಮತ್ತು ಕೊನೆಯಲ್ಲಿ ಹೇಳಿದ್ದು 'ಹೋಗು, ನೀನೂ ಹಾಗೆಯೇ ಮಾಡು' ಎಂದು. ಛತ್ರದವನನ್ನು ಪೌಲನನ್ನಾಗಿ ಮಾಡಿದ ಮೇಲೆ, ರಸ್ತೆಯ ಬದಿಯಲ್ಲಿ ಬಿದ್ದಿರುವವನನ್ನು ದಾಟಿಹೋಗಲು ಸರಿಯಾದ ಸಿದ್ಧಾಂತವೇ ನೆಪವಾಗಬಹುದು.

ಅಗಸ್ಟೀನರ ಅರ್ಥದಿಂದ ಯಾರ ಬೆನ್ನಿನ ಮೇಲೂ ಬಾಸುಂಡೆ ಏಳಲಿಲ್ಲ. ಆದಿಕಾಂಡ 9:25ಕ್ಕೆ ಹೇರಿದ ಅರ್ಥದಿಂದ ಎದ್ದವು. ನೋಹನ ಮಗ ಹಾಮನ ಶಾಪವೆಂಬ ಹೆಸರಿನಲ್ಲಿ, ಹಾಮನ ಸಂತತಿಯೆಂದು ಅವರು ಎಣಿಸಿದ ಆಫ್ರಿಕಾದವರು ದಾಸರಾಗಿರಬೇಕೆಂಬುದು ದೇವರ ಚಿತ್ತವೆಂದು ಅಮೆರಿಕದ ದಕ್ಷಿಣದ ಬೋಧಕರು ಹತ್ತೊಂಬತ್ತನೆಯ ಶತಮಾನದಲ್ಲಿಯೂ ಉಪದೇಶಿಸುತ್ತಿದ್ದರು. ಆ ವಚನದಲ್ಲಿ ಶಾಪ ಹಾಕುವವನು ಅಮಲು ಇಳಿದೆದ್ದ ನೋಹ, ದೇವರಲ್ಲ. ಶಪಿಸಲ್ಪಟ್ಟವನು ಹಾಮನ ಮಗ ಕಾನಾನ; ಹಾಮನಲ್ಲ. ಚರ್ಮದ ಬಣ್ಣದ ಸುದ್ದಿ ಆ ಅಧ್ಯಾಯದಲ್ಲಿ ಎಲ್ಲಿಯೂ ಇಲ್ಲ. ಇಷ್ಟನ್ನು ಕಾಣಲು ಹೀಬ್ರೂ ಪಾಂಡಿತ್ಯ ಬೇಕಿರಲಿಲ್ಲ, ನಿಧಾನವಾಗಿ ಓದಿದ್ದರೆ ಸಾಕಾಗಿತ್ತು. ಹೊಲಗಳಲ್ಲಿ ಹತ್ತಿ ಬಿಡಿಸುವ ಕೈಗಳು ಬೇಕಾಗಿದ್ದವರಿಗೆ ಆ ನಿಧಾನವಿರಲಿಲ್ಲ.

ಹಾಗಾದರೆ ನಮ್ಮ ಅನುಭವವನ್ನೆಲ್ಲ ಬಾಗಿಲ ಹೊರಗೆ ಬಿಟ್ಟು ಓದಬೇಕೆ? ಅದು ಆಗುವ ಮಾತಲ್ಲ, ಆಗಬೇಕಾದದ್ದೂ ಅಲ್ಲ. ನೊಗವೆಂದರೇನು, ಕಣವೆಂದರೇನು, ಮಳೆ ಕೈಕೊಟ್ಟ ವರ್ಷವೆಂದರೇನು ಎಂದು ಬಲ್ಲ ನಮ್ಮ ಬಯಲುಸೀಮೆಯ ರೈತನಿಗೆ ಪ್ರವಾದಿಗಳ ಎಷ್ಟೋ ಮಾತುಗಳು ನನಗಿಂತ ಬೇಗ ತಿಳಿಯುತ್ತವೆ. ನಾನು ತರುವ ಊಹೆಯನ್ನು ಪಠ್ಯವು ಅಲ್ಲವೆಂದು ಹೇಳಿದಾಗ ನಾನು ಅದನ್ನು ಕೆಳಗಿಡುತ್ತೇನೆಯೇ ಎಂಬುದಷ್ಟೇ ಇಲ್ಲಿಯ ಪ್ರಶ್ನೆ. ಇದಕ್ಕೆ ಸತ್ಯವೇದದೊಳಗೇ ಒಂದು ಮಾದರಿಯಿದೆ. ದಾನಿಯೇಲ ಒಂಬತ್ತನೆಯ ಅಧ್ಯಾಯದಲ್ಲಿ ಮುದುಕನಾದ ದಾನಿಯೇಲನು ಬಾಬೆಲಿನಲ್ಲಿ ಕುಳಿತು ಯೆರೆಮೀಯನು ಹೇಳಿದ ಇದೇ ಎಪ್ಪತ್ತು ವರ್ಷಗಳ ಮಾತನ್ನು ಓದುತ್ತಾನೆ. ಅವಧಿ ಮುಗಿಯುತ್ತ ಬಂದಿದೆ. ಅದನ್ನು ಸ್ವಂತದ ವಾಗ್ದಾನವೆಂದು ಹಿಡಿದುಕೊಳ್ಳುವ ಹಕ್ಕು ಯಾರಿಗಾದರೂ ಇದ್ದರೆ ಅವನಿಗೇ ಇತ್ತು. ಅವನು ಗೋಣಿತಟ್ಟು ಉಟ್ಟು, ಬೂದಿ ಬಳಿದುಕೊಂಡು, ಉಪವಾಸವಿದ್ದು ಅರಿಕೆ ಮಾಡುತ್ತಾನೆ, ಮತ್ತು ಆ ಅರಿಕೆ ಬಹುವಚನದಲ್ಲಿದೆ: ನಾವು ಪಾಪ ಮಾಡಿದ್ದೇವೆ.

ಆ ಭಾನುವಾರದ ಪ್ರಸಂಗದಲ್ಲಿ ಇದನ್ನೆಲ್ಲ ಹೇಳಿದೆ. ಸಭೆಯಲ್ಲಿ ಕೆಲವರ ಮುಖ ಸಪ್ಪಗಾದದ್ದು ಕಂಡಿತು. ಅವರ ಚೀಟಿಯೂ ಅದೇ ಆಗಿತ್ತೆಂದು ಕಾಣುತ್ತದೆ. ನನ್ನ ಚೀಟಿಯನ್ನು ನಾನು ಎಸೆದಿಲ್ಲ. ಅದರ ಹಿಂಬದಿಯಲ್ಲಿ ಹತ್ತನೆಯ ವಚನವನ್ನು ಪೆನ್ಸಿಲಿನಿಂದ ಬರೆದು, ಯೆರೆಮೀಯನ ಆ ಪುಟದಲ್ಲಿಯೇ ಇಟ್ಟಿದ್ದೇನೆ. ಮೊನ್ನೆ ನನ್ನ ಸತ್ಯವೇದವನ್ನು ತೆಗೆದುಕೊಂಡ ಅಮ್ಮ ಅದನ್ನು ನೋಡಿ, ಎರಡೂ ಬದಿಗಳನ್ನು ಓದಿ, ನಕ್ಕರು.

"ಎಪ್ಪತ್ತು ವರ್ಷ ಎಂದು ಅಚ್ಚು ಹಾಕಿಸಿ ತಟ್ಟೆಯಲ್ಲಿಟ್ಟರೆ, ಯಾರು ಎತ್ತಿಕೊಳ್ಳುತ್ತಾರೆ ಮಗನೇ?"