ಗಾರ್ಡ್ ಸ್ವಿಚ್ ವೈರಿಂಗ್: ಹೊಸೂರಿನ ಶೆಡ್‌ಗಳಲ್ಲಿ ತಪ್ಪುವುದು ಎಲ್ಲಿ

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಒಳಗಿರಲಿ, ಬಾಗಲೂರು ರಸ್ತೆಯ ಚಿಕ್ಕ ಶೆಡ್ ಇರಲಿ, ಮಷೀನಿನ ಅಪಾಯದ ಜಾಗಕ್ಕೆ ಕೈ ಹೋಗದಂತೆ ಮುಚ್ಚುವ ಗಾರ್ಡ್ ಬಾಗಿಲಿಗೆ ಸ್ವಿಚ್ ಹಾಕುವ ರೀತಿ ಹೆಚ್ಚಾಗಿ ಒಂದೇ. ಮಾಮೂಲಿ ಲಿಮಿಟ್ ಸ್ವಿಚ್ ತಂದು, ಬಾಗಿಲು ಮುಚ್ಚಿದಾಗ ರೋಲರ್ ಒತ್ತುವ ಹಾಗೆ ಕೂರಿಸಿ, ಅದರ ಎನ್‌ಓ (ಒತ್ತಿದಾಗ ಕೂಡುವ) ಕಾಂಟ್ಯಾಕ್ಟನ್ನು ಮೋಟಾರಿಗೆ ಕರೆಂಟ್ ಕೊಡುವ ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಸೀರೀಸ್‌ನಲ್ಲಿ ಕೊಡುತ್ತಾರೆ. ಬಾಗಿಲು ತೆಗೆದರೆ ಮಷೀನ್ ನಿಲ್ಲುತ್ತದೆ, ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಈ ವೈರಿಂಗನ್ನು ನಂಬಿ ಒಳಗೆ ಕೈ ಹಾಕಬಾರದು. ಒಳಗಿನ ಸ್ಪ್ರಿಂಗ್ ಮುರಿದರೆ, ಅಥವಾ ಕೂಲೆಂಟ್ ಜೊತೆ ಲೋಹದ ಪುಡಿ ಸೇರಿ ಪ್ಲಂಜರ್ ಸುತ್ತ ಗಟ್ಟಿಯಾದರೆ, ರೋಲರ್ ಒತ್ತಿದ ಜಾಗದಲ್ಲೇ ಉಳಿಯುತ್ತದೆ. ಬಾಗಿಲು ಹಾರು ಹೊಡೆದಿದ್ದರೂ ಪ್ಯಾನೆಲ್‌ಗೆ ಮುಚ್ಚಿದ ಹಾಗೇ ಕಾಣುತ್ತದೆ. ಒಂದು ಕೇಬಲ್ ಟೈ ಬಿಗಿದರೂ ಅಷ್ಟೇ.

ಬಾಗಿಲು ಎಳೆಯುವ ಬಲವೇ ಕಾಂಟ್ಯಾಕ್ಟನ್ನು ಬಿಡಿಸಬೇಕು, ಸ್ಪ್ರಿಂಗನ್ನು ನಂಬಿ ಕೂರಬಾರದು. ಅದಕ್ಕಾಗಿ ಎನ್‌ಸಿ (ಒತ್ತಿದಾಗ ಬಿಡುವ) ಕಾಂಟ್ಯಾಕ್ಟ್ ಬಳಸಿ, ಬಾಗಿಲು ತೆರೆಯುವಾಗ ಕ್ಯಾಮ್ ಬಂದು ಪ್ಲಂಜರನ್ನು ಒತ್ತುವ ಹಾಗೆ ಕೂರಿಸಬೇಕು. ಕಾಂಟ್ಯಾಕ್ಟ್ ಬೆಸೆದುಕೊಂಡಿದ್ದರೂ ಆ ಒತ್ತಡಕ್ಕೆ ಕಿತ್ತು ಬರುತ್ತದೆ. ಇಂಥ ಸ್ವಿಚ್‌ನ ಮೈಮೇಲೆ ವೃತ್ತದೊಳಗೆ ಬಾಣದ ಗುರುತು ಇರುತ್ತದೆ; ಅದಿಲ್ಲದ್ದನ್ನು ಗಾರ್ಡ್‌ಗೆ ತೆಗೆದುಕೊಳ್ಳಬೇಡಿ. ಎಷ್ಟು ದೂರ ಒತ್ತಿದರೆ ಖಂಡಿತ ಬಿಡಿಸುತ್ತದೆ ಎನ್ನುವ ಅಳತೆಯನ್ನು ಡೇಟಾಶೀಟ್‌ನಲ್ಲಿ ಕೊಟ್ಟಿರುತ್ತಾರೆ. ಕ್ಯಾಮ್ ಅದಕ್ಕಿಂತ ಮುಂದೆ ಒತ್ತಬೇಕು. ಕ್ಯಾಮನ್ನು ಬರೀ ಗ್ರಬ್ ಸ್ಕ್ರೂನಲ್ಲಿ ನಿಲ್ಲಿಸದೆ ಡ್ರಿಲ್ ಮಾಡಿ ಪಿನ್ ಹೊಡೆಯಿರಿ, ಇಲ್ಲದಿದ್ದರೆ ಕಂಪನಕ್ಕೆ ಜಾರುತ್ತದೆ.

ನಾಲಿಗೆ ಥರದ ಕೀ ಒಳಗೆ ಹೋಗುವ ಸ್ವಿಚ್ ನಮ್ಮ ಕಡೆ ಹೆಚ್ಚು ಓಡುತ್ತದೆ. ಅದರ ದೊಡ್ಡ ತೊಂದರೆ ಬಾಗಿಲು ಜೋತು ಬೀಳುವುದು. ಹಿಂಜ್ ಸವೆದು ಬಾಗಿಲು ಮೂರು ನಾಲ್ಕು ಮಿಲಿಮೀಟರ್ ಇಳಿದರೂ ಕೀ ಹೆಡ್‌ನ ಅಂಚಿಗೆ ಬಡಿಯತೊಡಗುತ್ತದೆ, ಒಂದು ದಿನ ಮುರಿದು ತುಂಡು ಒಳಗೇ ಉಳಿಯುತ್ತದೆ. ಆಗ ಸ್ವಿಚ್‌ನೊಳಗಿನ ಎರಡೂ ಎನ್‌ಸಿ ಮುಚ್ಚಿಯೇ ಇರುತ್ತವೆ, ಎಷ್ಟು ಒಳ್ಳೆಯ ಸೇಫ್ಟಿ ರಿಲೇ (ಸ್ವಿಚ್‌ನ ದಾರಿಗಳನ್ನು ಕಾಯುತ್ತ, ತಪ್ಪು ಕಂಡರೆ ಮಷೀನ್ ನಿಲ್ಲಿಸುವ ರಿಲೇ) ಹಾಕಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಬಾಗಿಲಿಗೆ ಬೇರೆಯೇ ಸ್ಟಾಪರ್ ಕೊಡಿ, ಸ್ವಿಚ್‌ನ ಹೆಡ್ಡೇ ಸ್ಟಾಪರ್ ಆಗಬಾರದು. ಕೈ ಹೋಗುವಷ್ಟು ಅಪಾಯದ ಜಾಗವಾದರೆ ಕೀ ಸ್ವಿಚ್ ಜೊತೆ ಹಿಂಜ್ ಕಡೆಗೆ ಇನ್ನೊಂದು ಸ್ವಿಚ್ ಹಾಕಿ, ಇಲ್ಲವೇ ಕೋಡ್ ಇರುವ ಆರ್‌ಎಫ್‌ಐಡಿ ಸ್ವಿಚ್‌ಗೆ ಹೋಗಿ. ಬರೀ ಮ್ಯಾಗ್ನೆಟ್‌ನ ರೀಡ್ ಸ್ವಿಚ್ ಅಗ್ಗ, ಆದರೆ ಯಾವುದೋ ಹಳೆ ಸ್ಪೀಕರಿನ ಅಯಸ್ಕಾಂತ ಅಂಟಿಸಿದರೂ ಅದು ಮೋಸ ಹೋಗುತ್ತದೆ. ರೀಡ್ ಸ್ವಿಚ್ಚನ್ನು ಸೀರೀಸ್ ಬಲ್ಬ್ ಹಾಕಿ ಟೆಸ್ಟ್ ಮಾಡಲೇಬೇಡಿ. ತಣ್ಣಗಿರುವ ಫಿಲಮೆಂಟ್ ಮೊದಲ ಕ್ಷಣ ಎಳೆಯುವ ಕರೆಂಟ್‌ಗೆ ಒಳಗಿನ ಎಲೆಗಳು ಬೆಸೆದುಹೋಗುತ್ತವೆ. ಮಲ್ಟಿಮೀಟರ್ ಸಾಕು.

ಇನ್ನು ವೈರಿಂಗ್. 24 ವೋಲ್ಟ್ ಡಿಸಿ ಕಂಟ್ರೋಲ್, ಎರಡು ಎನ್‌ಸಿ ಇರುವ ಸ್ವಿಚ್, ಒಂದು ಸೇಫ್ಟಿ ರಿಲೇ, ಒಂದರ ಹಿಂದೆ ಒಂದು ಎರಡು ಕಾಂಟ್ಯಾಕ್ಟರ್. ಸಾಮಾನ್ಯವಾಗಿ ಸಿಗುವ ಸೇಫ್ಟಿ ರಿಲೇಗಳಲ್ಲಿ ಎಸ್11 ಟರ್ಮಿನಲ್‌ನಿಂದ ಸ್ವಿಚ್‌ನ 11–12 (ಮೊದಲ ಎನ್‌ಸಿ) ಮೂಲಕ ಎಸ್12ಕ್ಕೆ ಒಂದು ದಾರಿ, ಎಸ್21ರಿಂದ 21–22 ಮೂಲಕ ಎಸ್22ಕ್ಕೆ ಇನ್ನೊಂದು. ಒಂದು ಪ್ಲಸ್ ಕಡೆ, ಇನ್ನೊಂದು ಮೈನಸ್ ಕಡೆ ಇರುವ ರಿಲೇ ಆದರೆ, ಕೇಬಲ್ ಜಜ್ಜಿ ಎರಡು ದಾರಿ ಒಂದಕ್ಕೊಂದು ತಗುಲಿದ ಕೂಡಲೇ ಟ್ರಿಪ್ ಆಗುತ್ತದೆ. ಒಂದು ಕೋರ್ ಉಳಿಸಲು ಎರಡಕ್ಕೂ ಕಾಮನ್ 24 ವೋಲ್ಟ್ ಕೊಟ್ಟು 3 ಕೋರ್ ಕೇಬಲ್ ಎಳೆದರೆ ಈ ರಕ್ಷಣೆ ಹೋಯಿತು. 4 ಕೋರ್, 0.75 ಸ್ಕ್ವೇರ್ ಎಂಎಂ, ಎಳೆಗಳಿಗೆ ಫೆರೂಲ್ ಹಾಕಿ, ಗ್ಲ್ಯಾಂಡ್ (ಕೇಬಲ್ ಒಳಗೆ ಹೋಗುವ ಬಾಯಿ) ಕೆಳಮುಖ. ಮೇಲ್ಮುಖ ಗ್ಲ್ಯಾಂಡ್ ಇದ್ದರೆ ಕೂಲೆಂಟ್ ಕೇಬಲ್ ಹಿಡಿದು ಒಳಗೆ ಇಳಿಯುತ್ತದೆ. 24 ವೋಲ್ಟ್ ಕೊಡುವ ಎಸ್‌ಎಂಪಿಎಸ್‌ನ ಮೈನಸ್ ಅನ್ನು ಅರ್ತ್‌ಗೆ ಕಟ್ಟಿ, ಪ್ಲಸ್‌ಗೆ ಫ್ಯೂಸ್ ಹಾಕಿ. ಹೀಗೆ ಅರ್ತ್‌ಗೆ ಕಟ್ಟದ, ತೇಲುವ ಸಪ್ಲೈಯಲ್ಲಿ ಎರಡು ಕಡೆ ಅರ್ತ್ ಆದರೆ ಸ್ವಿಚ್ಚನ್ನೇ ದಾಟಿ ಕರೆಂಟ್ ಹರಿಯಬಹುದು.

ರಿಲೇಯ 13–14ಕ್ಕೆ ಮೊದಲ ಕಾಂಟ್ಯಾಕ್ಟರ್ ಕಾಯಿಲ್, 23–24ಕ್ಕೆ ಎರಡನೆಯದು. ಎರಡರ ಪವರ್ ಕಾಂಟ್ಯಾಕ್ಟ್‌ಗಳೂ ಮೋಟಾರಿನ ಮೂರು ಫೇಸ್‌ಗೆ ಸೀರೀಸ್. ಎರಡರ ಎನ್‌ಸಿ ಆಕ್ಸಿಲಿಯರಿಗಳನ್ನು (ಪವರ್ ಕಾಂಟ್ಯಾಕ್ಟ್ ಜೊತೆಗಿರುವ ಚಿಕ್ಕ ಕಾಂಟ್ಯಾಕ್ಟ್) ರಿಸೆಟ್ ಬಟನ್ ಜೊತೆ ರಿಲೇಯ ಎಸ್33–ಎಸ್34ರ ನಡುವೆ ಸೀರೀಸ್ ಕೊಡಿ. ಜನ ಬಿಟ್ಟುಬಿಡುವುದು ಇದನ್ನೇ, ಯಾಕೆಂದರೆ ಇದಿಲ್ಲದೆಯೂ ಮಷೀನ್ ಓಡುತ್ತದೆ. ಇದ್ದರೆ ಒಂದು ಕಾಂಟ್ಯಾಕ್ಟರ್ ಬೆಸೆದುಕೊಂಡಾಗ ಅದರ ಎನ್‌ಸಿ ಮುಚ್ಚುವುದಿಲ್ಲ, ರಿಸೆಟ್ ಆಗುವುದಿಲ್ಲ. ಇಲ್ಲದಿದ್ದರೆ ಮೊದಲನೆಯದು ಬೆಸೆದದ್ದು ಯಾರಿಗೂ ತಿಳಿಯದು, ಎರಡನೆಯದೂ ಹೋದ ದಿನ ಬಾಗಿಲು ತೆರೆದರೂ ಮೋಟಾರ್ ತಿರುಗುತ್ತದೆ. ಆಕ್ಸಿಲಿಯರಿ ಬ್ಲಾಕ್‌ನಲ್ಲಿ ಮಿರರ್ ಕಾಂಟ್ಯಾಕ್ಟ್ (ಪವರ್ ಕಾಂಟ್ಯಾಕ್ಟ್ ಬೆಸೆದಿದ್ದರೆ ಎನ್‌ಸಿ ಖಂಡಿತ ಮುಚ್ಚದು ಎಂಬ ಗುರುತು) ಎಂದು ನಮೂದಾಗಿರಬೇಕು. ಡಿಸಿ ಕಾಯಿಲ್ ಆಫ್ ಆಗುವಾಗ ಏಳುವ ವೋಲ್ಟೇಜ್ ತಡೆಯಲು ಅದಕ್ಕೆ ಬರೀ ಡಯೋಡ್ ಹಾಕಿದರೆ ಕಾಂಟ್ಯಾಕ್ಟರ್ ಬಿಡುವುದು ನಿಧಾನವಾಗುತ್ತದೆ, ವೇರಿಸ್ಟರ್ ಮೇಲು.

ನಾಲ್ಕು ಬಾಗಿಲಿನ ಸ್ವಿಚ್‌ಗಳನ್ನು ಒಂದೇ ರಿಲೇಗೆ ಸೀರೀಸ್ ಹಾಕುವವರು ಇದನ್ನು ತಿಳಿದಿರಬೇಕು: ಒಂದು ಬಾಗಿಲಲ್ಲಿ ಒಂದು ದಾರಿ ಶಾರ್ಟ್ ಆಗಿ ರಿಲೇ ಲಾಕ್ ಆಗಿದೆ ಎನ್ನಿ. ಆಪರೇಟರ್ ಪಕ್ಕದ ಬಾಗಿಲು ತೆಗೆದು ಮುಚ್ಚುತ್ತಾನೆ, ಎರಡು ದಾರಿಯೂ ಸರಿಯಾಗಿ ಬಿಟ್ಟು ಕೂಡುತ್ತವೆ, ರಿಲೇ ಎಲ್ಲ ಸರಿ ಎಂದು ರಿಸೆಟ್ ತೆಗೆದುಕೊಳ್ಳುತ್ತದೆ. ದೋಷ ಹಾಗೇ ಉಳಿಯಿತು. ದಿನಕ್ಕೆ ಹಲವು ಸಲ ತೆರೆಯುವ ಬಾಗಿಲಿಗೆ ಪ್ರತ್ಯೇಕ ರಿಲೇಯೇ ಸರಿ.

ಪ್ರೆಸ್ ಶಾಪ್‌ನವರಿಗೆ ಇದೆಲ್ಲದಕ್ಕಿಂತ ಮುಖ್ಯ ವಿಷಯ ಬೇರೆ ಇದೆ. ರೋಲಿಂಗ್ ಕೀ ಕ್ಲಚ್ ಇರುವ ಸಿ ಫ್ರೇಮ್ ಪ್ರೆಸ್‌ನಲ್ಲಿ ಕ್ಲಚ್ ಕಚ್ಚಿದ ಮೇಲೆ ರ‍್ಯಾಮ್ ಪೂರ್ತಿ ಒಂದು ಸುತ್ತು ಮುಗಿಸಿಯೇ ನಿಲ್ಲುವುದು. ಬಾಗಿಲ ಸ್ವಿಚ್ ಮೋಟಾರ್ ಆಫ್ ಮಾಡಿದರೂ ಫ್ಲೈವೀಲ್ ತಿರುಗುತ್ತಲೇ ಇರುತ್ತದೆ, ಅದರೊಳಗಿನ ಶಕ್ತಿಯೊಂದೇ ಒಂದು ಹೊಡೆತಕ್ಕೆ ಸಾಕು. ಇಂಥ ಪ್ರೆಸ್‌ಗೆ ಸ್ಕ್ರೂ ಬಿಗಿದ ಸ್ಥಿರ ಗಾರ್ಡ್ ಹಾಕಿ, ಅಥವಾ ಸ್ಟ್ರೋಕ್ ಮುಗಿಯುವವರೆಗೆ ತೆರೆಯದ, ಮುಚ್ಚದಿದ್ದರೆ ಕ್ಲಚ್ ಕಚ್ಚಲು ಬಿಡದ ಗಾರ್ಡ್. ಏರ್ ಕ್ಲಚ್-ಬ್ರೇಕ್ ಪ್ರೆಸ್ ಆದರೆ ನಿಲ್ಲುವ ಸಮಯ ಅಳೆಯಿರಿ. ಲೆಕ್ಕ ಸರಳ: ಸೆಕೆಂಡಿಗೆ 1600 ಮಿಲಿಮೀಟರ್ ವೇಗದಲ್ಲಿ ಮನುಷ್ಯ ಹತ್ತಿರ ಬರುತ್ತಾನೆ ಎಂದು ಐಎಸ್‌ಓ 13855 ಮಾನದಂಡ ಹಿಡಿಯುತ್ತದೆ. ಬಾಗಿಲು ತೆರೆದ ಕ್ಷಣದಿಂದ ರಿಲೇ, ವಾಲ್ವ್, ಬ್ರೇಕ್ ಎಲ್ಲ ಸೇರಿ ಪೂರ್ತಿ ನಿಲ್ಲಲು 0.4 ಸೆಕೆಂಡ್ ಬೇಕಾದರೆ ಬಾಗಿಲು ಡೈಯಿಂದ ಕನಿಷ್ಠ 640 ಮಿಲಿಮೀಟರ್ ದೂರ ಇರಬೇಕು. ಅಷ್ಟು ಜಾಗ ಇಲ್ಲವೆಂದರೆ ಲಾಕ್ ಆಗುವ ಸ್ವಿಚ್ ಬೇಕು. ಅದೂ ಕರೆಂಟ್ ಕೊಟ್ಟರೆ ಬಿಡುವ ಬಗೆ. ಕರೆಂಟ್ ಕೊಟ್ಟರೆ ಹಿಡಿಯುವ ಬಗೆಯಾದರೆ ಲೈನ್ ಹೋದ ತಕ್ಷಣ ಲಾಕ್ ಬಿಡುತ್ತದೆ, ಫ್ಲೈವೀಲ್ ಮಾತ್ರ ಇನ್ನೂ ತಿರುಗುತ್ತಿರುತ್ತದೆ.

ಬೈಪಾಸ್ ಮಾಡುವ ಆಪರೇಟರ್‌ನನ್ನು ಬಯ್ಯುವ ಮೊದಲು ಅವನು ಯಾಕೆ ಮಾಡಿದ ಎಂದು ನೋಡಿ. ಡೈ ಸೆಟ್ ಮಾಡುವಾಗ ಬಾಗಿಲು ತೆರೆದು ಇಂಚಿಂಗ್ (ಸ್ವಲ್ಪ ಸ್ವಲ್ಪವೇ ನಡೆಸುವುದು) ಕೊಡುವ ದಾರಿ ಇಲ್ಲದಿದ್ದರೆ ಬಿಡಿ ಕೀ ಒಂದು ಅವನ ಟೂಲ್ ಬಾಕ್ಸ್‌ನಲ್ಲಿ ಇದ್ದೇ ಇರುತ್ತದೆ. ಕೀ ಹಾಕುವ ಸೆಲೆಕ್ಟರ್, ಒತ್ತಿ ಹಿಡಿದಷ್ಟೇ ಹೊತ್ತು ನಿಧಾನವಾಗಿ ನಡೆಯುವ ಮೋಡ್ ಮಾಡಿಕೊಡಿ. ಸ್ವಿಚ್ ಮತ್ತು ಕೀಗೆ ಒನ್‌ವೇ ಸ್ಕ್ರೂ (ಬಿಗಿಯಬಹುದು, ಮಾಮೂಲಿ ಸ್ಕ್ರೂಡ್ರೈವರ್‌ನಲ್ಲಿ ಬಿಚ್ಚಲಾಗದು) ಹಾಕಿ, ಬಿಡಿ ಕೀ ಸ್ಟೋರ್‌ನಲ್ಲಿ ಬೀಗದೊಳಗಿರಲಿ.

ಟೆಸ್ಟ್ ಮಾಡುವಾಗ ಬಾಗಿಲು ತೆರೆದು ನಿಂತಿತೇ ಎಂದಷ್ಟೇ ನೋಡಿದರೆ ಅರ್ಧ ಕೆಲಸ. ಎಸ್12ರ ತಂತಿ ಬಿಚ್ಚಿ, ಮಷೀನ್ ನಿಲ್ಲಬೇಕು. ಮತ್ತೆ ಹಾಕಿದರೆ ಬಾಗಿಲು ತೆರೆದು ಮುಚ್ಚದೆ ರಿಸೆಟ್ ಆಗಬಾರದು. ಎಸ್22ರದ್ದನ್ನೂ ಹಾಗೇ. ಎಸ್11–ಎಸ್12 ನಡುವೆ ಜಂಪರ್ ಹಾಕಿ ಬಾಗಿಲು ತೆರೆದು ಮುಚ್ಚಿ, ರಿಸೆಟ್ ಆಗಬಾರದು. ಒಂದು ಕಾಂಟ್ಯಾಕ್ಟರ್‌ನ ಎನ್‌ಸಿ ತಂತಿ ಬಿಚ್ಚಿದರೂ ರಿಸೆಟ್ ಆಗಬಾರದು. ಕೊನೆಗೆ ರಿಸೆಟ್ ಬಟನ್ ಒತ್ತಿಯೇ ಹಿಡಿದು ಬಾಗಿಲು ಮುಚ್ಚಿ. ಆಗ ಮಷೀನ್ ಸಿದ್ಧವಾಗಿಬಿಟ್ಟರೆ ರಿಸೆಟ್ ಆಟೋದಲ್ಲಿ ವೈರ್ ಆಗಿದೆ ಎಂದರ್ಥ, ಒಳಗೆ ಮನುಷ್ಯ ನಿಲ್ಲುವಷ್ಟು ದೊಡ್ಡ ಗಾರ್ಡ್‌ಗೆ ಅದು ನಡೆಯದು. ಜಂಪರ್ ತೆಗೆದದ್ದನ್ನು ಇನ್ನೊಬ್ಬರ ಕೈಯಲ್ಲಿ ನೋಡಿಸಿ ಪ್ಯಾನೆಲ್ ಮುಚ್ಚಿ. ತಿಂಗಳುಗಟ್ಟಲೆ ಯಾರೂ ತೆರೆಯದ ಹಿಂಭಾಗದ ಬಾಗಿಲನ್ನು, ಪಿಎಲ್ ಇ (ಸುರಕ್ಷತೆಯ ಅತಿ ಮೇಲಿನ) ಮಟ್ಟದ್ದಾದರೆ, ತಿಂಗಳಿಗೊಮ್ಮೆಯಾದರೂ ಬೇಕೆಂದೇ ತೆರೆದು ಮುಚ್ಚಬೇಕು. ಹಾಗೆ ತೆರೆಯುವವರೆಗೆ ಅದರ ಸ್ವಿಚ್ ಸತ್ತಿದ್ದರೂ ರಿಲೇಗೆ ತಿಳಿಯುವ ದಾರಿ ಇಲ್ಲ.